ಒಯ್ಕೋಸ್ ಮತ್ತು ಒಕ್ಕಲು

‘ಇಕಾಲಜಿ’ ಎಂಬ ಪದವನ್ನು 1866ರಲ್ಲಿ ಟಂಕಿಸಿದವನು ಜರ್ಮನಿಯ ಜೀವವಿಜ್ಞಾನಿ ಅರ್ನ್ಸ್ಟ್ ಹೆಕೆಲ್. ಅದರ ಬೇರು ಗ್ರೀಕಿನ ‘ಒಯ್ಕೋಸ್’: ಮನೆ, ಮನೆಮಂದಿ. ಇಕಾನಮಿಯೂ ಅದೇ ಬೇರಿನದು. ಅರ್ಥದಲ್ಲಿ ನಮ್ಮ ‘ಒಕ್ಕಲು’ ಇದಕ್ಕೆ ಬಹು ಸಮೀಪ (ಧ್ವನಿಸಾಮ್ಯ ಕೇವಲ ಆಕಸ್ಮಿಕ). ಆದರೆ ರೂಢಿಗೆ ಬಂದದ್ದು ‘ಪರಿಸರ’, ಅಂದರೆ ಸುತ್ತಲಿನದು. ಒಳಗೆ ವಾಸಿಸುವವರು ಆ ಪದದಲ್ಲಿಲ್ಲ. ‘ಪರಿಸರ ಸೂಕ್ಷ್ಮ ಪ್ರದೇಶ’ವೆಂದೊಡನೆ ಮಲೆನಾಡಿನ ರೈತರಿಗೆ ಒಕ್ಕಲೆಬ್ಬಿಸುವ ನೋಟೀಸಿನಂತೆ ಕೇಳಿಸಿದ್ದರೆ ಅಚ್ಚರಿಯಿಲ್ಲ. ಪಶ್ಚಿಮಘಟ್ಟಗಳ ಕುರಿತ ಗಾಡ್ಗೀಳ್ ಸಮಿತಿಯಾದರೋ, ಸೂಕ್ಷ್ಮ ವಲಯಗಳ ಗಡಿಯನ್ನು ಗ್ರಾಮಸಭೆಗಳೊಡನೆ ಚರ್ಚಿಸಿಯೇ ಅಂತಿಮಗೊಳಿಸಬೇಕೆಂದು 2011ರ ವರದಿಯಲ್ಲಿ ಹೇಳಿತ್ತು. ಒಕ್ಕಲನ್ನು ಒಳಗೊಂಡ ಆ ಮಾತು ವಾದವಿವಾದದ ಗದ್ದಲದಲ್ಲಿ ಹಲವು ಹಳ್ಳಿಗಳನ್ನು ತಲುಪಲಿಲ್ಲ. ವರದಿಯ ಆ ಪುಟಗಳನ್ನು ನಮ್ಮ ವಿದ್ಯಾರ್ಥಿಗಳು ಕನ್ನಡಕ್ಕೆ ತಂದು, ತಮ್ಮೂರಿನ ಮುಂದಿನ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಲಿ.