ಮತ್ತೆ ಓಡಿ, ಆದರೆ ಒಂದನೇ ಕ್ಲಾಸಿನಿಂದ!

ಸಾಲಗಾಮೆ ಕಡೆಯಿಂದ ಹಾಸನಕ್ಕೆ ಬರುವ ಬೆಳಗಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರಿಗೆ ಈ ನೋಟ ಹೊಸದಲ್ಲ. ನಲವತ್ತು ದಾಟಿದ ಒಬ್ಬ ಗೃಹಸ್ಥ, ಹೊಸ ಬೂಟು, ಹೊಟ್ಟೆಗೆ ಬಿಗಿಯಾದ ಬನಿಯನ್ನು. ಎರಡು ಲೈಟುಕಂಬದ ದೂರ ಬಾಣದಂತೆ ಓಡುತ್ತಾನೆ. ಮೂರನೇ ಕಂಬದ ಹತ್ತಿರ ಮಂಡಿಗೆ ಕೈಕೊಟ್ಟು ನಿಂತುಬಿಡುತ್ತಾನೆ. ಬಸ್ಸಿನೊಳಗಿಂದ ಒಂದು ಮಾತು ತೇಲಿ ಬರುತ್ತದೆ: ‘ಯಾಕ್ ಗೌಡ್ರೆ, ಬಸ್ ಮಿಸ್ಸಾಯ್ತಾ?’

ಬಸ್ಸೆಲ್ಲ ನಗುತ್ತದೆ. ನಗುವವರು ನಗಲಿ. ಆದರೆ ಆತ ಓಡಲು ಹೊರಟದ್ದೇಕೆ ಎಂಬುದು ನಗುವ ಸಂಗತಿಯಲ್ಲ.

2025ರ ಮೇ ಕೊನೆಯಿಂದ ಜುಲೈ ಮೊದಲ ವಾರದವರೆಗೆ ಹಾಸನ ಜಿಲ್ಲೆ ಹೇಗೆ ದಿನ ದೂಡಿತು ಎಂಬುದನ್ನು ಯಾರೂ ಮರೆತಿಲ್ಲ. ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ತೀರಿಕೊಂಡರು ಎಂಬ ಸುದ್ದಿ ರಾಜ್ಯವನ್ನೇ ಗಾಬರಿಗೊಳಿಸಿತು. ಹೋದವರಲ್ಲಿ ಹರೆಯದವರೂ ಇದ್ದರು. ಬೆಳಗಾದರೆ ‘ಇವತ್ತು ಯಾರು?’ ಎಂದು ಕೇಳುವ ಪರಿಸ್ಥಿತಿ. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಹಾಸನದವರ ಸರತಿ ಬೆಳೆಯಿತು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ. ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. 20 ಹೃದಯಕ್ಕೆ ಸಂಬಂಧಿಸಿದ್ದು, ಉಳಿದ 4ಕ್ಕೆ ಬೇರೆ ಕಾರಣ ಎಂದಿತು. ಹಾಸನದಲ್ಲಿ ಮಾತ್ರ ಏನೋ ಮಾರಿ ಹೊಕ್ಕಿದೆ ಎಂಬುದಕ್ಕೆ ಆಧಾರವಿಲ್ಲ, ಬೀಡಿ-ಸಿಗರೇಟು, ಕುಡಿತ, ಸಕ್ಕರೆ ಕಾಯಿಲೆ, ಬಿ.ಪಿ., ಕೂತಲ್ಲೇ ಕೂರುವ ಬದುಕು ಇವೇ ಹಳೆಯ ಶತ್ರುಗಳು ಎಂಬುದು ಒಟ್ಟು ತಾತ್ಪರ್ಯ.

ಸರಿ. ವರದಿ ಬಂತು, ಭಯ ಹೋಯಿತೇ? ಇಲ್ಲ. ಭಯ ಎರಡು ದಾರಿ ಹಿಡಿಯಿತು.

ಒಂದು ಗುಂಪು, ‘ಓಡಾಟ ಗೀಡಾಟ ಏನೂ ಬೇಡ ಸ್ವಾಮಿ, ಎದೆಗೆ ತೊಂದರೆ’ ಎಂದು ಇದ್ದ ನಡಿಗೆಯನ್ನೂ ಬಿಟ್ಟಿತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗಿನಿಂದ ವ್ಯಾಯಾಮದ ಮೇಲೆಯೇ ಅನುಮಾನ ಪಡುವವರು ಊರೂರಲ್ಲಿದ್ದಾರೆ. ಇನ್ನೊಂದು ಗುಂಪು, ‘ಹೈಸ್ಕೂಲಿನಲ್ಲಿ ಹೋಬಳಿಗೇ ಫಸ್ಟ್ ಬಂದವನು ನಾನು’ ಎಂದು ಮರುದಿನವೇ ಬೂಟು ಕೊಂಡು ರಸ್ತೆಗೆ ಇಳಿಯಿತು. ಮೊದಲನೆಯವರದು ತಪ್ಪು ಅಂಜಿಕೆ, ಎರಡನೆಯವರದು ತಪ್ಪು ಧೈರ್ಯ. ಎರಡರಲ್ಲೂ ಅಪಾಯವಿದೆ.

ದೀಪ ಆರಿದೆ, ನೆನಪಿರಲಿ

ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ ಓಡಿದ ಹುಡುಗರು ಸಾಲಗಾಮೆ ಸುತ್ತಮುತ್ತ ಮನೆಗೊಬ್ಬರಂತೆ ಸಿಗುತ್ತಾರೆ. ಸರ್ಟಿಫಿಕೇಟು ಟ್ರಂಕಿನ ತಳದಲ್ಲಿದೆ. ಈಗ ಅವರೆಲ್ಲ ಅಂಗಡಿ ಗಲ್ಲದ ಮೇಲೆ, ಆಟೋ ಸೀಟಿನ ಮೇಲೆ, ಕಚೇರಿ ಕುರ್ಚಿಯ ಮೇಲೆ ಬೆಳಗಿನಿಂದ ರಾತ್ರಿವರೆಗೆ ಕೂತವರು. ಮನಸ್ಸಿಗೆ ಇನ್ನೂ ಹದಿನಾರು ವಯಸ್ಸು. ಮೈಗೆ ನಲವತ್ತೈದು. ತೊಂದರೆ ಶುರುವಾಗುವುದೇ ಇಲ್ಲಿ.

ಹಾಸನಾಂಬೆ ಗುಡಿಯ ಬಾಗಿಲು ವರ್ಷಕ್ಕೊಮ್ಮೆ ತೆರೆಯುತ್ತದೆ. ಹಿಂದಿನ ವರ್ಷ ಹಚ್ಚಿಟ್ಟ ದೀಪ ಆಗಲೂ ಉರಿಯುತ್ತಿರುತ್ತದೆ ಎಂಬುದು ಭಕ್ತರ ನಂಬಿಕೆ. ಆ ಮಹಿಮೆ ತಾಯಿಗೆ ಸೇರಿದ್ದು, ಮನುಷ್ಯನ ಮೈಗಲ್ಲ. ಓಟದ ದಮ್ಮು ನಾಲ್ಕು ವಾರ ಬಿಟ್ಟರೇ ಇಳಿಯುತ್ತದೆ. ಇಪ್ಪತ್ತು ವರ್ಷ ಬಾಗಿಲು ಮುಚ್ಚಿಟ್ಟು ಈಗ ತೆರೆದರೆ ಒಳಗೆ ದೀಪ ಎಲ್ಲಿರುತ್ತದೆ? ಹೊಸದಾಗಿ ಎಣ್ಣೆ ಹಾಕಬೇಕು, ಬತ್ತಿ ಹೊಸೆಯಬೇಕು. ಅಂದರೆ ಹಳೇ ಓಟಗಾರನೂ ಒಂದನೇ ಕ್ಲಾಸಿನಿಂದಲೇ ಶುರು ಮಾಡಬೇಕು. ಇದರಲ್ಲಿ ಅವಮಾನವೇನೂ ಇಲ್ಲ.

ಇನ್ನೊಂದು ಸೂಕ್ಷ್ಮವಿದೆ. ಮತ್ತೆ ಓಡತೊಡಗಿದವನಿಗೆ ಕೆಲವೇ ವಾರಗಳಲ್ಲಿ ಉಸಿರಾಟ ಸಲೀಸಾಗುತ್ತದೆ. ‘ಆಯ್ತು, ಹಳೇ ಫಾರಂ ಬಂತು’ ಎಂದು ದೂರ ಹೆಚ್ಚಿಸಿಬಿಡುತ್ತಾನೆ. ಆದರೆ ಮೂಳೆ, ಕೀಲು, ಹಿಮ್ಮಡಿಯ ನರ ಅಷ್ಟು ಬೇಗ ಪಳಗುವುದಿಲ್ಲ. ಅವಕ್ಕೆ ತಿಂಗಳುಗಳೇ ಬೇಕು. ಹೀಗಾಗಿ ಮೊದಲ ವಾರದ ಸುಸ್ತಿಗಿಂತ ಮೂರು ನಾಲ್ಕನೇ ವಾರದ ಉತ್ಸಾಹವೇ ಹೆಚ್ಚು ಕಾಲು ಮುರಿಯುವುದು. ಮಂಡಿ ಊದಿಸಿಕೊಂಡು ಕೂತವನು ‘ಓಟ ನಮಗಾಗಲ್ಲ’ ಎಂದು ತೀರ್ಪು ಕೊಡುತ್ತಾನೆ. ಓಟದ ತಪ್ಪಲ್ಲ, ಆತುರದ ತಪ್ಪು.

ಹಾಗಾದರೆ ಹೇಗೆ ಶುರು ಮಾಡುವುದು? ಇದಕ್ಕೆ ಪಂಡಿತರು ಬೇಕಿಲ್ಲ. ಎರಡು ಮೂರು ವಾರ ಬರೀ ಬಿರುಸು ನಡಿಗೆ. ಬಸ್ಸಿನವರು ಒಂದು ಸ್ಟಾಪು ಮುಂಚೆಯೇ ಇಳಿದು ನಡೆದರೂ ಲೆಕ್ಕಕ್ಕೆ ಬರುತ್ತದೆ. ಅರ್ಧ ಗಂಟೆ ನಡೆದರೂ ಮೈ ಹಗುರ ಎನ್ನಿಸಿದ ಮೇಲೆ ಓಟ. ಅದೂ ಒಂದು ನಿಮಿಷ ಓಡಿ, ಒಂದೂವರೆ ನಿಮಿಷ ನಡೆದು, ಮತ್ತೆ ಒಂದು ನಿಮಿಷ ಓಡಿ, ಹೀಗೆ ಇಪ್ಪತ್ತು ನಿಮಿಷ. ವಾರಕ್ಕೆ ಮೂರೇ ದಿನ, ನಡುವೆ ಒಂದೊಂದು ದಿನ ಬಿಡುವು. ವಾರ ವಾರಕ್ಕೆ ಓಟ ಸ್ವಲ್ಪ ಹೆಚ್ಚು, ನಡಿಗೆ ಸ್ವಲ್ಪ ಕಡಿಮೆ. ಎರಡು ಮೂರು ತಿಂಗಳಿಗೆ ಅರ್ಧ ಗಂಟೆ ನಿಲ್ಲದೆ ಓಡುವಂತಾದರೆ ಸಾಕು. ವೇಗಕ್ಕೆ ಗಡಿಯಾರ ಬೇಡ. ಪಕ್ಕದವನ ಜತೆ ಮಾತಾಡುತ್ತಾ ಓಡಲು ಆದರೆ ವೇಗ ಸರಿಯಿದೆ, ಮಾತು ತುಂಡಾದರೆ ಜಾಸ್ತಿಯಾಯಿತು. ವಾರಕ್ಕೆ 150 ನಿಮಿಷ ಬಿರುಸು ನಡಿಗೆ, ಇಲ್ಲವೇ 75 ನಿಮಿಷ ಓಟ ಆರೋಗ್ಯಕ್ಕೆ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ದಿನಕ್ಕೆ ಲೆಕ್ಕ ಹಾಕಿದರೆ ಒಂದು ಕಾಫಿ ಕುಡಿದು ಪೇಪರು ತಿರುವುವ ಹೊತ್ತು.

‘ಗ್ಯಾಸು’ ಎಂದು ಸುಮ್ಮನಿರಬೇಡಿ

ಇದಕ್ಕೆಲ್ಲ ಮುಂಚೆ ಒಂದು ಕೆಲಸವಿದೆ. ನಲವತ್ತು ದಾಟಿದವರು, ಸಕ್ಕರೆ-ಬಿ.ಪಿ. ಇರುವವರು, ಬೀಡಿ ಸೇದುವವರು, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಎದೆನೋವಿನಿಂದ ಹೋಗಿದ್ದರೆ ಅಂಥವರು, ಬೂಟಿನ ಅಂಗಡಿಗೆ ಹೋಗುವ ಮೊದಲು ವೈದ್ಯರ ಹತ್ತಿರ ಹೋಗಬೇಕು. ಬಿ.ಪಿ., ಸಕ್ಕರೆ, ಕೊಬ್ಬು ನೋಡಿಸಿ, ಬೇಕಾದರೆ ಇ.ಸಿ.ಜಿ. ತೆಗೆಸಬೇಕು. ಆದರೆ ಇ.ಸಿ.ಜಿ. ಚೀಟಿ ಚೆನ್ನಾಗಿದೆಯೆಂದು ಅದೇ ಆಯುಷ್ಯದ ಗ್ಯಾರಂಟಿ ಕಾರ್ಡು ಎಂದುಕೊಳ್ಳಬಾರದು. ಪರೀಕ್ಷೆ ಎದೆ ಹೇಗಿದೆ ಎಂದು ಹೇಳುತ್ತದೆ, ಎದೆಯನ್ನು ಗಟ್ಟಿ ಮಾಡುವುದಿಲ್ಲ. ಗಟ್ಟಿ ಮಾಡುವುದು ದಿನದ ನಡಿಗೆ, ಬಿಟ್ಟ ಬೀಡಿ, ಹೊತ್ತಿಗೆ ಸರಿಯಾದ ನಿದ್ದೆ.

ಓಡುವಾಗ ಎದೆ ಬಿಗಿದರೆ, ಎಡಗೈಗೋ ದವಡೆಗೋ ನೋವು ಹರಿದರೆ, ತಲೆ ಸುತ್ತಿ ತಣ್ಣನೆ ಬೆವರು ಬಂದರೆ ಅಲ್ಲೇ ನಿಲ್ಲಬೇಕು. ‘ಗ್ಯಾಸು ಕಣಣ್ಣ, ಒಂದು ಮಾತ್ರೆ ಕೊಡು’ ಎಂದು ಮೆಡಿಕಲ್ ಸ್ಟೋರಿನಲ್ಲಿ ಕೈ ಚಾಚಿ ಮನೆಗೆ ಹೋಗಿ ಮಲಗುವುದು ಹಾಸನ ಸೀಮೆಯಲ್ಲಿ ರೂಢಿ. ಈ ರೂಢಿ ಬಿಡಬೇಕು. ಮೆಡಿಕಲ್ ಸ್ಟೋರಿನವರೂ ಮಾತ್ರೆ ಕೊಡುವ ಮುಂಚೆ ‘ನೋವು ಎಲ್ಲಿ, ಎಷ್ಟು ಹೊತ್ತಿಂದ?’ ಎಂದು ಎರಡು ಮಾತು ಕೇಳಿದರೆ ದೊಡ್ಡ ಉಪಕಾರ. 108ಕ್ಕೆ ಫೋನು ಮಾಡಬೇಕು. ಪುನೀತ್ ಹೆಸರಿನಲ್ಲೇ ಸರ್ಕಾರ ‘ಹೃದಯ ಜ್ಯೋತಿ’ ಯೋಜನೆ ತಂದಿದೆ. ಇದರಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ಹೃದ್ರೋಗ ತಜ್ಞರು ಕೂಡಲೇ ನೋಡಿ ಹೇಳುತ್ತಾರೆ. ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನು ಅಲ್ಲಿಯೇ ಪುಕ್ಕಟೆ. ಬೇಗ ಹೋದವನಿಗೆ ಉಪಯೋಗ, ಮನೆಯಲ್ಲಿ ಮಲಗಿದವನಿಗಲ್ಲ.

ಇಷ್ಟೆಲ್ಲ ಕೇಳಿ, ‘ಅಯ್ಯೋ, ಈ ವಯಸ್ಸಲ್ಲಿ ಯಾಕೆ ಬೇಕಪ್ಪಾ’ ಎನ್ನುವವರಿಗೆ ಪಂಜಾಬಿನ ರೈತ ಫೌಜಾ ಸಿಂಗ್ ಕಥೆ ಸಾಕು. ಪಾಸ್‌ಪೋರ್ಟಿನ ಪ್ರಕಾರ 1911ರಲ್ಲಿ ಹುಟ್ಟಿದ ಆ ಅಜ್ಜ ಹರೆಯದಲ್ಲಿ ಓಡುತ್ತಿದ್ದರು, ಆಮೇಲೆ ಬಿಟ್ಟರು. ಎಂಬತ್ತು ದಾಟಿದ ಮೇಲೆ, 1994ರಲ್ಲಿ ಮಗನನ್ನು ಕಳೆದುಕೊಂಡ ದುಃಖದಲ್ಲಿ ಮತ್ತೆ ಓಟ ಹಿಡಿದರು. 2000ದಲ್ಲಿ, 89ರ ವಯಸ್ಸಿನಲ್ಲಿ, ಲಂಡನ್ ಮ್ಯಾರಥಾನ್ ಓಡಿದರು. ನೂರು ತುಂಬಿದ ಮೇಲೂ ಟೊರಾಂಟೊದಲ್ಲಿ ಪೂರ್ತಿ ಮ್ಯಾರಥಾನ್ ಮುಗಿಸಿದರು. ಅಂಥವರನ್ನು ಹೃದಯ ಕೈಬಿಡಲಿಲ್ಲ. 2025ರ ಜುಲೈನಲ್ಲಿ, ಹಾಸನ ಎದೆ ಹಿಡಿದುಕೊಂಡು ಕೂತಿದ್ದ ಅದೇ ದಿನಗಳಲ್ಲಿ, ಸ್ವಂತ ಊರಿನ ಹತ್ತಿರ ರಸ್ತೆಯಲ್ಲಿ ವಾಹನ ಬಡಿದು 114ರಲ್ಲಿ ತೀರಿಕೊಂಡರು.

ಮೈದಾನದ ಗೇಟು ತೆರೆಯಲಿ

ಈ ಕೊನೆಯ ಮಾತು ಸಾಲಗಾಮೆಗೂ ಅನ್ವಯಿಸುತ್ತದೆ. ಹಾಸನ ನಗರದವರಿಗೆ ಜಿಲ್ಲಾ ಕ್ರೀಡಾಂಗಣವಿದೆ. ಹಳ್ಳಿಯವನಿಗೆ ಏನಿದೆ? ಡಾಂಬರು ರಸ್ತೆ. ಅದರ ಮೇಲೆ ಬಸ್ಸು, ಲಾರಿ, ಟ್ರ್ಯಾಕ್ಟರು, ಜತೆಗೆ ನಾಯಿ. ಚಳಿಗಾಲದಲ್ಲಿ ಮಂಜು ಮುಸುಕಿದರೆ ಹತ್ತು ಮಾರು ದೂರ ಕಾಣುವುದಿಲ್ಲ. ಮಳೆಗಾಲದಲ್ಲಿ ರಸ್ತೆಯ ಅಂಚೇ ಕೆಸರು. ಓಡುವವರು ಬಿಳಿ ಬಟ್ಟೆ ಹಾಕಿ, ಎದುರು ಬರುವ ವಾಹನ ಕಣ್ಣಿಗೆ ಬೀಳುವಂತೆ ಬಲಬದಿಯಲ್ಲಿ ಓಡಬೇಕು, ಕಿವಿಯಲ್ಲಿ ಹಾಡು ಇಟ್ಟುಕೊಳ್ಳಬಾರದು. ಚಾಲಕರೂ ಓಡುವವನನ್ನು ಕಂಡು ಹಾರನ್ನು ಬಾರಿಸಿ ಬೆಚ್ಚಿಬೀಳಿಸುವ ಬದಲು ವೇಗ ತಗ್ಗಿಸಬೇಕು.

ಇವೆಲ್ಲ ತೇಪೆ ಅಷ್ಟೇ. ಮೂಲ ಮದ್ದು ಬೇರೆ ಇದೆ. ಊರೂರಿನಲ್ಲಿ ಸರ್ಕಾರಿ ಶಾಲೆಗಳಿವೆ, ಹಲವು ಶಾಲೆಗಳಿಗೆ ಮೈದಾನವಿದೆ. ಬೆಳಿಗ್ಗೆ ಐದೂವರೆಯಿಂದ ಏಳೂವರೆವರೆಗೆ ಗೇಟು ತೆರೆದಿಟ್ಟರೆ ಪಾಠಕ್ಕೆ ಯಾವ ಅಡ್ಡಿಯೂ ಇಲ್ಲ. ಮೈದಾನದ ಮಣ್ಣು ಡಾಂಬರಿಗಿಂತ ಮಂಡಿಗೂ ಹಿತ. ಹೆಣ್ಣುಮಕ್ಕಳಂತೂ ರಸ್ತೆಯಲ್ಲಿ ಹತ್ತು ಜನರ ಕಣ್ಣು, ಹತ್ತು ಜನರ ಮಾತು ಎಂದು ಮನೆಯಲ್ಲೇ ಉಳಿಯುತ್ತಾರೆ. ನಾಲ್ಕು ಜನ ಜತೆಗೂಡಿ ಸುತ್ತು ಹಾಕುವ ಮೈದಾನವಿದ್ದರೆ ಅವರೂ ಬಂದಾರು. ಪಂಚಾಯಿತಿ ಎರಡು ಲೈಟು ಹಾಕಿಸಲಿ. ಶಾಲಾ ಸಮಿತಿ ಬೀಗದ ಕೈಯನ್ನು ಜವಾಬ್ದಾರಿ ಇರುವ ಒಬ್ಬರಿಗೆ ಕೊಡಲಿ. ಬಂದವರು ಕಸ ಹಾಕದೆ, ಎಲೆ ಅಡಿಕೆ ಉಗಿಯದೆ ಮೈದಾನದ ಮರ್ಯಾದೆ ಕಾಯಲಿ. ಇದಕ್ಕೆ ಲಕ್ಷಗಟ್ಟಲೆ ಖರ್ಚಿಲ್ಲ, ಬೆಂಗಳೂರಿನ ಮಂಜೂರಾತಿ ಬೇಕಿಲ್ಲ. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ತೆರೆದರೆ ಚೆಂದ. ಮೈದಾನದ ಗೇಟು ದಿನಾ ತೆರೆಯಬೇಕು.

ಮೂರನೇ ಕಂಬದ ಹತ್ತಿರ ಏದುಸಿರು ಬಿಡುತ್ತಾ ನಿಂತ ಆ ಗೃಹಸ್ಥನಿಗೆ ಬೇಕಾದ್ದು ಬಸ್ಸಿನವರ ನಗುವಲ್ಲ. ‘ನಿಧಾನ ಗೌಡ್ರೆ, ನಾಳೆ ಒಂದು ಕಂಬ ಹೆಚ್ಚಿಗೆ ನಡೀರಿ, ಓಡೋದು ಆಮೇಲೆ’ ಎನ್ನುವ ಒಂದು ಒಳ್ಳೆ ಮಾತು. ಹಾಗೆ ಹೇಳಿದವರೂ ನಾಳೆ ಒಂದು ಸ್ಟಾಪು ಮುಂಚೆ ಇಳಿದು ಅವರ ಜತೆ ನಡೆದರೆ ಇನ್ನೂ ಒಳ್ಳೆಯದು.