ಶಾಲಾ ನಾಯಕರಿಗೆ ಇನ್ನೊಂದು ಹೊಣೆ

ಕ್ಯಾಥೋಲಿಕ್ ಶಾಲೆಗಳಲ್ಲಿ ವಿದ್ಯಾರ್ಥಿ ನಾಯಕರ ಪದಗ್ರಹಣ ಬಲು ಶಿಸ್ತಿನಿಂದ ನಡೆಯುತ್ತದೆ. ಬ್ಯಾಡ್ಜು, ಪ್ರಮಾಣವಚನ ಎಲ್ಲವೂ ಸರಿ. ಆಮೇಲೆ ಆ ಮಕ್ಕಳಿಗೆ ಸಿಗುವ ಕೆಲಸ ಹೆಚ್ಚಾಗಿ ಸಾಲು ನಿಲ್ಲಿಸುವುದು, ಗಲಾಟೆ ಮಾಡಿದವರ ಹೆಸರು ಬರೆಯುವುದು. ಊಟದ ಹೊತ್ತಿನಲ್ಲಿ ಒಂಟಿಯಾಗಿ ಕೂತ ಸಹಪಾಠಿಯನ್ನು ಮಾತನಾಡಿಸುವುದೂ ನಾಯಕತ್ವವೇ. ಇದಕ್ಕೆ ಮಾದರಿಯೂ ಇದೆ: 19ನೇ ಶತಮಾನದಲ್ಲಿ ಇಟಲಿಯ ಟ್ಯೂರಿನ್‌ನ ಬಡ ಹುಡುಗರಿಗಾಗಿ ದುಡಿದ ಸಂತ ಜಾನ್ ಬಾಸ್ಕೊ ದಂಡನೆಗಿಂತ ಪ್ರೀತಿಯನ್ನು ನಂಬಿದವರು; ಶಿಕ್ಷಕರು ಆಟದ ಬಯಲಲ್ಲೂ ಮಕ್ಕಳ ಜೊತೆಗಿರಬೇಕೆಂದರು. ನಮ್ಮ ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ಅಪ್ಪ ಅಮ್ಮನಿಗೆ ಬಿಡುವು ಕಡಿಮೆ. ಆ ಮಕ್ಕಳಿಗೆ ಇಂಥ ಒಡನಾಟ ತೀರಾ ಅಗತ್ಯ. ಒಡನಾಟವೊಂದೇ ಸಾಲದಿದ್ದಾಗ ಬಳಸಲು ಮಾನಸಿಕ ನೆರವಿನ ಟೆಲಿ ಮಾನಸ್ ಸಂಖ್ಯೆ 14416, ಮಕ್ಕಳ ಸಹಾಯವಾಣಿ 1098 ಪ್ರತಿ ತರಗತಿಯ ಗೋಡೆಯ ಮೇಲಿರಲಿ ಎಂದು ಶಾಲಾ ಆಡಳಿತ ಮಂಡಳಿಗಳನ್ನು ಕೋರುತ್ತೇನೆ.

— ಪೋಷಕರೊಬ್ಬರು, ದೊಡ್ಡಬಳ್ಳಾಪುರ