ಯಾವ ದೊಡ್ಡಿ, ಯಾರ ಮಗು?

ಮದ್ದೂರು ತಾಲ್ಲೂಕಿನ ಕೆ.ಎಂ.ದೊಡ್ಡಿಗೆ ಭಾರತೀನಗರ ಎಂಬ ಹೆಸರೂ ಇದೆ. ಪೂರ್ತಿ ಹೆಸರು ಕಾಳಮುದ್ದನದೊಡ್ಡಿ. ದೊಡ್ಡವರಿಗೆ ಮೂರೂ ಒಂದೇ ಊರು. ಅಲ್ಲಿಯ ಐದು ವರ್ಷದ ಮಗು ಮಂಡ್ಯದ ಬಸ್ ನಿಲ್ದಾಣದಲ್ಲಿ ಕೈತಪ್ಪಿ, "ನಮ್ಮೂರು ದೊಡ್ಡಿ" ಎಂದರೆ ಯಾವ ದೊಡ್ಡಿ ಎಂದು ಹುಡುಕುವುದು? ಈ ಸೀಮೆಯಲ್ಲಿ ದೊಡ್ಡಿ, ಕೊಪ್ಪಲು, ಹೊಸಹಳ್ಳಿಗಳಿಗೆ ಲೆಕ್ಕವಿಲ್ಲ. ಹಳ್ಳಿಯಲ್ಲಿ ಮನೆ ನಂಬರ್ ಹೇಳಿ ದಾರಿ ತೋರಿಸುವವರೂ ಕಡಿಮೆ. ಮಾರಮ್ಮನ ಗುಡಿ ಹಿಂದೆ, ಡೈರಿ ಪಕ್ಕ ಎಂಬುದೇ ಗುರುತು. ಊರೊಳಗೆ ಸಾಕಾಗುವ ಈ ಗುರುತು ಊರು ದಾಟಿದರೆ ಕೆಲಸಕ್ಕೆ ಬಾರದು. ಆದ್ದರಿಂದ ಮಗುವಿಗೆ ಮೊದಲು ಕಲಿಸಬೇಕಾದ್ದು ಊರಿನ ಪೂರ್ತಿ ಹೆಸರು, ತಾಲ್ಲೂಕು, ಅಪ್ಪ ಅಮ್ಮನ ಹೆಸರು, ಒಂದು ಫೋನ್ ನಂಬರ್. ಪಿನ್‌ಕೋಡ್ ಆಮೇಲೆ ಬರಲಿ. ಮದ್ದೂರಿನ 571428, ಮಳವಳ್ಳಿಯ 571430 ಎಳೆಯ ಬಾಯಲ್ಲಿ ಅದಲುಬದಲಾಗುವುದು ಸುಲಭ.

ಇದನ್ನೆಲ್ಲ ಕಲಿಸಿದರೆ ಮಗು ಕೇಳಿದವರಿಗೆಲ್ಲ ಹೇಳಿಬಿಡುತ್ತದೆ, ಕೊರಳಲ್ಲಿ ಶಾಲೆಯ ಐಡಿ ಕಾರ್ಡ್ ಇದ್ದರೆ ಸಾಕು ಎನ್ನುವವರಿದ್ದಾರೆ. ಅವರ ಭಯ ನ್ಯಾಯವಾದದ್ದೇ, ಪರಿಹಾರ ಮಾತ್ರ ಸರಿಯಲ್ಲ. ಕಾರ್ಡ್ ಎದುರಿಗೆ ಬಂದವರಿಗೆಲ್ಲ ವಿಳಾಸ ಒಪ್ಪಿಸುತ್ತದೆ; ಮುತ್ತತ್ತಿಗೋ ಗಗನಚುಕ್ಕಿಗೋ ಪ್ರವಾಸ ಹೋದ ದಿನ ಮನೆಯ ಮೊಳೆಯಲ್ಲೇ ಉಳಿಯುತ್ತದೆ. "ಅಪರಿಚಿತರಿಗೆ ಹೇಳಬೇಡ" ಎಂಬ ಬುದ್ಧಿವಾದವೂ ಅರ್ಧವೇ. ತಪ್ಪಿಸಿಕೊಂಡ ಮಗುವಿಗೆ ಸುತ್ತಲಿನವರೆಲ್ಲ ಅಪರಿಚಿತರು. ಇನ್ನೊಂದೆಡೆ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ಆರೋಪಿ ಹೆಚ್ಚಾಗಿ ಪರಿಚಿತನೇ ಎಂದು ರಾಷ್ಟ್ರೀಯ ಅಪರಾಧ ದಾಖಲಾತಿ ಬ್ಯೂರೋದ ವರದಿಗಳು ತೋರಿಸುತ್ತಿವೆ. ಹಾಗಾಗಿ ಗೆರೆ ಎಳೆಯಬೇಕಾದ್ದು ಮಾತು ಯಾರಿಂದ ಶುರುವಾಯಿತು ಎಂಬಲ್ಲಿ. ನೆರವಿಗಾಗಿ ಮಗುವೇ ಪೊಲೀಸರ, ಕಂಡಕ್ಟರ್, ಅಂಗಡಿಯವರ ಅಥವಾ ಮಕ್ಕಳೊಡನೆ ಬಂದ ತಾಯಿಯೊಬ್ಬಳ ಬಳಿ ಹೋದರೆ ವಿಳಾಸ ಹೇಳಲಿ. ಯಾರಾದರೂ ತಾವಾಗಿ ಬಂದು, ಅಥವಾ ಫೋನಿನಲ್ಲಿ, ಮನೆ ಎಲ್ಲಿ, ಒಳಗೆ ಯಾರಿದ್ದಾರೆ ಎಂದರೆ "ಅಮ್ಮನನ್ನೇ ಕೇಳಿ" ಎನ್ನಲಿ. ಅಳುವ ಮಗುವಿನ ಬಳಿ ಒಳ್ಳೆಯವರೇ ಬಂದು ಕೇಳಬಹುದಲ್ಲ? ಆಗ ಫೋನ್ ನಂಬರ್ ಹೇಳಿ, ಜನರಿರುವ ಕಡೆ ಅಲ್ಲೇ ನಿಲ್ಲಲಿ. ಜೊತೆಗೆ ಹೋಗುವುದು ಬೇಡ.

ತಪ್ಪಿಸಿಕೊಂಡ ಮಕ್ಕಳಿಗಾಗಿ ಸರ್ಕಾರದ ವ್ಯವಸ್ಥೆಯೂ ಇದೆ. ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು. 2015ರ ಬಾಲನ್ಯಾಯ ಕಾಯ್ದೆಯಂತೆ, ಪೋಷಕರಿಲ್ಲದೆ ಸಿಕ್ಕ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಆದರೂ ಮಗುವಿನ ಬಾಯಿಂದ ಊರಿನ ಹೆಸರು ಸರಿಯಾಗಿ ಬಂದರೆ ಅಷ್ಟು ಹೊತ್ತು ಅದು ಅಳಬೇಕಾಗಿಲ್ಲ. ಎಳೆಯ ಮಕ್ಕಳಿಗೆ ಇದು ಭಾರವೆಂಬ ಮಾತನ್ನು ನಾನು ಒಪ್ಪಲಾರೆ. ಅಂಗನವಾಡಿಯಲ್ಲಿ ಹಾಡು ಕಲಿಯುವ ಮಗು ಫೋನ್ ನಂಬರಿನ ಹತ್ತು ಅಂಕಿಗಳನ್ನೂ ರಾಗದಲ್ಲಿ ಕಲಿಯುತ್ತದೆ. ಅಪ್ಪ ಸಿಮ್ ಬದಲಿಸಿದ ದಿನವೇ ಹೊಸ ನಂಬರಿನ ಹಾಡೂ ಶುರುವಾಗಬೇಕು, ಅಷ್ಟೆ.